ನಲವತ್ತು ಸೆಕೆಂಡು ಹೆಚ್ಚು ಕೇಳಿಸಿದ ಹಾಡು

ರೇಡಿಯೋ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. "ಮೇಡಂ, ಇಷ್ಟು ವರ್ಷದಾಗ ನೀವು ಕಲ್ತ ದೊಡ್ಡ ಪಾಠ ಯಾವ್ದರಿ?" ಎಂದು ಕೇಳಿದರು. ನಾನು ಗಂಭೀರವಾಗಿ ಯೋಚಿಸಿ, "ಬಸ್ಸಿನಾಗ ಕಿಟಕಿ ಬಾಜು ಕುಂಡ್ರಬ್ಯಾಡ್ರಿ, ರೆಕಾರ್ಡರಿಗಿ ಧೂಳ ಹೋಗ್ತದ" ಎಂದೆ. ಪಾಪ, ಇಬ್ಬರೂ ಬರೆದುಕೊಂಡರು. ಅವರು ಹೋದ ಮೇಲೆ ನಾಚಿಕೆಯಾಯಿತು. ಒಂದು ಕೆಲಸದಲ್ಲಿ ಅರ್ಧ ಆಯುಷ್ಯ ಕಳೆದವಳು ಹೇಳುವ ಮಾತೇ ಅದು? ಹಾಗಾಗಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಧೂಳಿನ ಮಾತು ಮಾತ್ರ ಖರೇ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನನ್ನ ಹೆಸರು ಶಾಂತಾ. ಹೆಸರಿಟ್ಟ ಅಜ್ಜಿ ನನ್ನನ್ನು ಬೆಳೆದ ಮೇಲೆ ನೋಡಲಿಲ್ಲ, ಒಳ್ಳೆಯದೇ ಆಯಿತು. ಐವತ್ತೆರಡಕ್ಕೇ ಕೆಲಸ ಬಿಟ್ಟವಳು ನಾನು. ಬಿಟ್ಟ ಮೇಲಾದರೂ ಚಿಂತೆ ಹೋಗುತ್ತದೆ ಎಂದುಕೊಂಡಿದ್ದೆ. ಈಗ ಚಿಂತೆ ಮಾಡಲು ಏನೂ ಇಲ್ಲವಲ್ಲ ಎಂದು ಚಿಂತೆ.

ನಮ್ಮದು ಸಣ್ಣ ಬಾನುಲಿ ಕೇಂದ್ರ. ಗಾಳಿ ಮನಸ್ಸು ಮಾಡಿದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಕೇಳಿಸುತ್ತಿತ್ತು. ಮನಸ್ಸು ಮಾಡದ ದಿನ ನಮ್ಮದೇ ಕಾಂಪೌಂಡಿನ ಬೇವಿನ ಗಿಡದವರೆಗೆ ಹೋಗಿ ವಾಪಸು ಬರುತ್ತಿತ್ತು. ನನ್ನ ಪಾಲಿಗಿದ್ದದ್ದು ಭಾನುವಾರ ಬೆಳಿಗ್ಗೆಯ ಹತ್ತು ನಿಮಿಷದ ಕಾರ್ಯಕ್ರಮ, 'ಈಗೇನು ಕೇಳಾಕತ್ತೀರಿ?' ವಾರಕ್ಕೊಬ್ಬ ಕಲಾವಿದರ ಮನೆಗೆ ಹೋಗಬೇಕು. ಅವರು ಸದ್ಯ ಯಾವ ಸಂಗೀತ ಕೇಳುತ್ತಿದ್ದಾರೆ ಎಂದು ವಿಚಾರಿಸಬೇಕು. ಅದರದೊಂದು ತುಣುಕು ಅವರ ಮಾತಿನ ಜೊತೆ ಕೇಳಿಸಬೇಕು. ಇಷ್ಟೇ.

ಇದು ನಮ್ಮ ಕೇಂದ್ರದ ಮುಖ್ಯಸ್ಥ ಪಾಟೀಲ ಸಾಹೇಬರ ಕಲ್ಪನೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹಾರ್ಮೋನಿಯಂ ಮಾಸ್ತರರು ಕಿವಿಗೆ ವೈರು ಸಿಕ್ಕಿಸಿಕೊಂಡು ತಲೆ ಅಲ್ಲಾಡಿಸುತ್ತಿದ್ದದ್ದನ್ನು ನೋಡಿ ಅವರಿಗೆ ಹೊಳೆಯಿತಂತೆ. "ಶಾಂತಾಬಾಯಿ, ಹಾಡೋರು ಏನು ಹಾಡ್ತಾರ ಅಂತ ಎಲ್ಲಾರೂ ಕೇಳ್ತಾರ. ಹಾಡೋರು ಏನು ಕೇಳ್ತಾರ ಅಂತ ನಾವು ಕೇಳೋಣು" ಎಂದರು.

ಮೊದಲ ವರ್ಷ ಯಾರೂ ನಿಜ ಹೇಳಲಿಲ್ಲ. ಮೈಕು ಕಂಡ ಕೂಡಲೇ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ, ತೀರಿಹೋದ ದೊಡ್ಡ ದೊಡ್ಡ ಗವಾಯಿಗಳ ಹೆಸರು ಹೇಳುತ್ತಿದ್ದರು. ಆಮೇಲೆ ನಾನೊಂದು ಉಪಾಯ ಕಲಿತೆ. ಮೈಕು ಚೀಲಕ್ಕೆ ಹಾಕಬೇಕು, ಚಹಾ ಬರುವವರೆಗೆ ಕಾಯಬೇಕು. ಚಹಾದ ಬಟ್ಟಲು ಬಾಯಿಗೆ ಹೋದಾಗ, "ಮತ್ತ, ಮನ್ಯಾಗ ಏನು ಹಚ್ಚಿರ್ತೀರಿ?" ಎಂದು ಕೇಳಬೇಕು. ಆಗ ಬರುವುದು ನಿಜವಾದ ಉತ್ತರ. ಅದನ್ನೇ ಇನ್ನೊಮ್ಮೆ ಮೈಕಿಗೆ ಹೇಳಿಸಲು ಎರಡನೆಯ ಚಹಾ ಬೇಕು. ಈ ಕೆಲಸದಿಂದ ನನಗೆ ಬಂದ ಸ್ಥಿರ ಆಸ್ತಿ ಎಂದರೆ ಅಸಿಡಿಟಿ.

ಆಳಂದದ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವ ಮಹಿಬೂಬಸಾಬರು ಮೂರನೆಯ ಚಹಾಕ್ಕೆ ಬಾಯಿ ಬಿಟ್ಟರು. ಅವರು ಕೇಳುತ್ತಿದ್ದದ್ದು ಎದುರಿನ ಹಿಟ್ಟಿನ ಗಿರಣಿ. ಅದರ ಶ್ರುತಿಗೇ ಅವರ ವಾದ್ಯ ಅಷ್ಟು ವರ್ಷ ಹೊಂದಿಕೊಂಡಿತ್ತು.

"ಈಗ ಹೊಸ ಮೋಟರ ಕುಂಡ್ರಿಸ್ಯಾರ್ರಿ ಮೇಡಂ. ಅರ್ಧ ಸ್ವರ ಮ್ಯಾಲ ಹೋಗ್ಯಾದ. ಈ ಸೀಜನ್ನಿನ ಮದಿವಿಗಳೆಲ್ಲಾ ಬೇಸೂರ."

"ಜನ ಏನೂ ಅಂದಿಲ್ಲೇನ್ರಿ?"

"ಜನ ಕುಣ್ಯಾಕತ್ತಿರ್ತಾರ. ಅವ್ರಿಗೇನು ಗೊತ್ತಾಗ್ತದ? ಗಿರಣಿ ಮಾಲಕಗ ಹೇಳ್ದೆ, 'ಹಳೀ ಮೋಟರ ಹಾಕೋ ಮಾರಾಯ' ಅಂತ. 'ನೀವ ಒಂದಿಷ್ಟು ಮ್ಯಾಲ ನುಡಸ್ರಿ ಚಾಚಾ' ಅಂದ ನೋಡ್ರಿ!"

ಅವರ ದುಃಖಕ್ಕೆ ಕರಗಿ ಗಿರಣಿಯ ಸದ್ದನ್ನು ನಾಲ್ಕು ನಿಮಿಷ ಪ್ರಸಾರ ಮಾಡಿದೆ. ರೇಡಿಯೋ ಕೆಟ್ಟಿದೆ ಎಂದು ಮೂರು ತಾಲೂಕಿನಿಂದಲೂ ಫೋನು ಬಂತು. ಪಾಟೀಲ ಸಾಹೇಬರು ನನ್ನನ್ನು ಕರೆದು, "ಶಾಂತಾಬಾಯಿ, ಹಾಡು ಕೇಳಿಸಾಕ ನಮಗ ಲೈಸೆನ್ಸ್ ಅದ. ಹಿಟ್ಟು ಬೀಸಾಕ ಇಲ್ಲ" ಎಂದರು.

ನಡುವೆ ಕೆಲಸದ ರೀತಿಯೂ ಬದಲಾಯಿತು. ಮೊದಲು ಕಲಾವಿದರು ಕ್ಯಾಸೆಟ್ ಹುಡುಕುತ್ತಿದ್ದರು, ಆಮೇಲೆ ಮೆಮೊರಿ ಕಾರ್ಡು ಕಿತ್ತು ಕೊಡಲು ಶುರು ಮಾಡಿದರು, ಕೊನೆಗೆ ಎಲ್ಲವೂ ವಾಟ್ಸಾಪಿಗೆ ಬಂತು. ಅಫಜಲಪುರದ ಒಬ್ಬ ಯುವಗಾಯಕ, ತಾನು ಸದ್ಯ ಕೇಳುತ್ತಿರುವುದು ಎಂದು ತನ್ನದೇ ಹಾಡು ಕಳಿಸಿದ್ದ, ಹಿನ್ನೆಲೆಯಲ್ಲಿ ಕುಕ್ಕರಿನ ಎರಡು ಸೀಟಿಯ ಸಮೇತ. ಅಷ್ಟು ಪ್ರಾಮಾಣಿಕ ಉತ್ತರ ಅದಕ್ಕೂ ಮೊದಲು ಯಾರೂ ಕೊಟ್ಟಿರಲಿಲ್ಲ.

ಆದರೆ ಈ ಬರಹಕ್ಕೆ ಕಾರಣವಾದದ್ದು ಇವರಾರೂ ಅಲ್ಲ. ಮಣ್ಣೂರಿನ ಗೌರಾಬಾಯಿ.

ಹರದೇಶಿ-ನಾಗೇಶಿ ಹಾಡಿಕೆ ಕೇಳದವರಿಗೆ ಎರಡು ಮಾತು. ಎದುರುಬದುರು ಎರಡು ಮೇಳ ಕೂಡುತ್ತವೆ. ಹರದೇಶಿಯವರದು ಗಂಡಿನ ಪಕ್ಷ, ಶಿವನೇ ದೊಡ್ಡವನೆಂದು ಹಾಡುತ್ತಾರೆ. ನಾಗೇಶಿಯವರದು ಹೆಣ್ಣಿನ ಪಕ್ಷ, ಶಕ್ತಿಯಿಲ್ಲದೆ ಶಿವನೆಲ್ಲಿ ಎಂದು ಹಾಡುತ್ತಾರೆ. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಬರದಿದ್ದರೆ ಕೈಯಲ್ಲಿರುವ ದಪ್ಪು ಎಂಬ ಚರ್ಮವಾದ್ಯವನ್ನು ನೆಲಕ್ಕಿಡಬೇಕು, ಅಂದರೆ ಸೋತಂತೆ. ಸವಾಲು ಯಾರು ಕಟ್ಟಿದ್ದು ಎಂದು ಯಾರೂ ಕೇಳುವುದಿಲ್ಲ. ಯಾರ ಬಾಯಿಂದ ಬಂತೋ ಅದು ಅವರದು.

ಈ ಹಾಡಿಕೆಯವರು ನನ್ನ ಕಾರ್ಯಕ್ರಮಕ್ಕೆ ಒಬ್ಬರೂ ಬಂದಿರಲಿಲ್ಲ. ಯಾಕೆಂದು ನಾನು ಯೋಚಿಸಿರಲಿಲ್ಲ. ಎಲ್ಲದರ ಬಗ್ಗೆಯೂ ಚಿಂತಿಸುವವರಿಗೆ ಯೋಚಿಸಲು ಸಮಯ ಸಿಗುವುದಿಲ್ಲ. ಕಾರಣ ಸರಳವಾಗಿತ್ತು. ಇವತ್ತು ಅವರ ಕಿವಿಯಲ್ಲಿರುವುದೇ ನಾಳೆ ಸವಾಲಾಗಿ ಬಾಯಿಗೆ ಬರುತ್ತದೆ. ಏನು ಕೇಳುತ್ತಿದ್ದೇವೆ ಎಂದು ಹೇಳಿದರೆ ಮುಗಿಯಿತು, ಎದುರಿನವರು ಜವಾಬು ಕಟ್ಟಿಕೊಂಡು ಬರುತ್ತಾರೆ.

ಗೌರಾಬಾಯಿ ಮಾತ್ರ ಒಪ್ಪಿದ್ದಳು. ಎರಡು ವರ್ಷ ಗಂಟಲು ಕೈಕೊಟ್ಟು ಮನೆಯಲ್ಲಿ ಕೂತಿದ್ದಳು. ಆ ಎರಡು ವರ್ಷದಲ್ಲಿ ನೆಲೋಗಿಯ ಹರದೇಶಿ ಹಾಡುಗಾರ ಮಲಕಣ್ಣ ಸುತ್ತಲಿನ ನಾಗೇಶಿಯವರನ್ನೆಲ್ಲ ಸೋಲಿಸಿ ಮಲಗಿಸಿದ್ದ. ಈಗ ಭೂಸನೂರಿನಲ್ಲಿ ಇಬ್ಬರಿಗೂ ಎದುರುಬದುರು ಹಾಡಿಕೆ ನಿಗದಿಯಾಗಿತ್ತು.

"ಗೌರಾಬಾಯಿ ಇನ್ನಾ ಜೀವಂತ ಅದಾಳ ಅಂತ ರೇಡಿಯೋದಾಗ ನಾಕು ಮಂದಿಗಿ ಗೊತ್ತಾಗ್ಲಿ" ಎಂದಳು. "ಭೂಸನೂರಾಗ ನಾ ಬಿದ್ನಿ ಅಂದ್ರ ಮುಂದ ಯಾರೂ ಕರೆಯಂಗಿಲ್ರಿ ಅಕ್ಕಾರ. ಗಂಟಲ ಹೋಗ್ಯಾದ, ಬುದ್ಧೀನೂ ಹೋಗ್ಯಾದ ಅಂತಾರ."

ಅವಳು ಆಗ ಕೇಳುತ್ತಿದ್ದದ್ದು ಒಂದು ಹಳೆಯ ಕ್ಯಾಸೆಟ್. ಅವಳಿಗೆ ಹಾಡಿಕೆ ಕಲಿಸಿದ ಸೋದರತ್ತೆಯ ದನಿ ಅದರಲ್ಲಿತ್ತು. ಖಣದ ಬಟ್ಟೆಯಲ್ಲಿ ಸುತ್ತಿಟ್ಟ ಟೇಪ್ ರೆಕಾರ್ಡರ್ ತೆಗೆದು ಹಚ್ಚಿದಳು. ಮೊದಲು ಗಣಪತಿ ಸ್ತುತಿ, ಆಮೇಲೆ ಒಂದು ಸವಾಲು:

ಮೂರು ಲೋಕಕ ಉಣಿಸಾಂವ ಮುಂಜಾನೆ ತಿರಕೊಂಡು ಬಂದ,
ಉಂಡ ಕೈ ತೊಳಕೊಂಡ ಜಡಿ ಮ್ಯಾಲಿನ ನೀರಿಲೆ,
ತಿರಿದ ಬಟ್ಟಲ ಯಾರ ತೊಳದಾರ ಹೇಳೊ ಹರದೇಶಿ?

ನಾನು ನಕ್ಕೆ. ಗೌರಾಬಾಯಿ ನಗಲಿಲ್ಲ. "ನೋಡ್ರಿ, 'ಪಾರ್ವತಿ ತೊಳದ್ಳು' ಅಂದ್ರ, ಆಕಿ ಇಲ್ಲಂದ್ರ ಉಣ್ಣಾಕ ಬಟ್ಟಲಿಲ್ಲ ಅಂದಂಗಾತು. 'ಶಿವನೇ ತೊಳಕೊಂಡ' ಅಂದ್ರ, 'ನೀ ಯಾಕ ನಿನ್ನ ಮನ್ಯಾಗ ತೊಳಿಯಂಗಿಲ್ಲೋ?' ಅಂತ ಕೂತ ಹೆಣಮಕ್ಕಳು ಬಿಡ್ತಾರೇನು? ನಮ್ಮತ್ತಿ ಇದನ್ನ ಒಮ್ಮಿನೂ ಹಾಡಿರಲಿಲ್ಲ, ಕಟ್ಟಿಟ್ಟು ಹೋದ್ಳು. ಭೂಸನೂರಾಗ ನಾ ತೆಗೀತೇನಿ." ಆಮೇಲೆ ನನ್ನ ಮೊಣಕೈ ಹಿಡಿದು, "ಅಕ್ಕಾರ, ಗಣಪತಿ ಸ್ತುತಿ ಅಷ್ಟ ಕೇಳಸ್ರಿ. ಸವಾಲ ಬಂತಂದ್ರ ಕತ್ರಿ ಹಾಕ್ರಿ" ಎಂದಳು.

"ಚಿಂತಿ ಮಾಡಬ್ಯಾಡ್ರಿ" ಎಂದೆ. ಈ ಮಾತನ್ನು ನಾನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು.

ಕತ್ತರಿ ಹಾಕಿದೆ. ಹಾಕಿ ನೋಡಿದರೆ ಕಾರ್ಯಕ್ರಮ ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡು. ಇಲ್ಲಿ ಪಾಟೀಲ ಸಾಹೇಬರ ಸ್ವಭಾವ ಹೇಳಬೇಕು. ಅವರು ತಪ್ಪು ಉಚ್ಚಾರಣೆ ಸಹಿಸುತ್ತಿದ್ದರು, ತಡವಾಗಿ ಬರುವವರನ್ನು ಸಹಿಸುತ್ತಿದ್ದರು, ಮೌನವನ್ನು ಸಹಿಸುತ್ತಿರಲಿಲ್ಲ. ಒಮ್ಮೆ ಹೀಗೇ ನನ್ನ ಕಾರ್ಯಕ್ರಮ ಬೇಗ ಮುಗಿದು ರೇಡಿಯೋ ಸುಮ್ಮನಾದಾಗ, ಸ್ನಾನದ ಮನೆಯಿಂದ ಟವೆಲಿನಲ್ಲೇ ಹೊರಟು ಗೇಟಿನವರೆಗೆ ಬಂದಿದ್ದರು. ಆ ದೃಶ್ಯ ಎರಡನೆಯ ಸಲ ನೋಡುವ ಧೈರ್ಯ ನನಗಿರಲಿಲ್ಲ. ಗಣಪತಿ ಸ್ತುತಿಯ ಬಾಲಕ್ಕೆ ಅದೇ ಕ್ಯಾಸೆಟ್ಟಿನ ಮುಂದಿನ ನಲವತ್ತು ಸೆಕೆಂಡು ಸೇರಿಸಿದೆ. ಸೇರಿಸಿದ ತುಣುಕನ್ನು ಕೇಳಲಿಲ್ಲ, ಗಡಿಯಾರವನ್ನಷ್ಟೇ ನೋಡಿದೆ. ಸರಿಯಾಗಿ ಹತ್ತು ನಿಮಿಷ! ಅವತ್ತು ಒಳ್ಳೆಯ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಉಪ್ಪಿಟ್ಟು ತಿರುವುತ್ತಾ ರೇಡಿಯೋ ಕೇಳುತ್ತಿದ್ದೆ. ಗಣಪತಿ ಸ್ತುತಿ ಮುಗಿಯಿತು. "ಮೂರು ಲೋಕಕ ಉಣಿಸಾಂವ" ಎಂದು ಸತ್ತ ಸೋದರತ್ತೆ ದನಿ ಎತ್ತಿದಳು. ಉಪ್ಪಿಟ್ಟು ತಳ ಹಿಡಿಯಿತು. ಸವಾಲಿನ ಕೊನೆಯ ಅಕ್ಷರದವರೆಗೂ ಚೊಕ್ಕವಾಗಿ ಕೇಳಿಸಿ, ಸರಿಯಾದ ಸಮಯಕ್ಕೆ ಕಾರ್ಯಕ್ರಮ ಮುಗಿಯಿತು. ಗಾಳಿಯೂ ಅವತ್ತೇ ಮನಸ್ಸು ಮಾಡಿತ್ತು; ಮೂರೂ ತಾಲೂಕಿಗೆ ಕೇಳಿಸಿತ್ತು. ಪಾಟೀಲ ಸಾಹೇಬರು ಫೋನು ಮಾಡಿ ಹೊಗಳಿದರು: "ಒಂದು ಸೆಕೆಂಡೂ ಖಾಲಿ ಇಲ್ಲ, ಬೇಷ್!"

ಮರುದಿನ ಮೊದಲ ಬಸ್ಸಿಗೇ ಮಣ್ಣೂರಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡಿದ್ದೆ. ಗೌರಾಬಾಯಿ ಭೀಮೆಯ ದಂಡೆಯಲ್ಲಿ ಕೌದಿ ಒಗೆಯುತ್ತಿದ್ದಳು. ನನ್ನನ್ನು ನೋಡಿ ಕೌದಿಯನ್ನು ಕಲ್ಲಿಗೆ ಇನ್ನೂ ಎರಡು ಸಲ ಜೋರಾಗಿ ಅಪ್ಪಳಿಸಿದಳು.

"ಅಕ್ಕಾರ, ನೀವು ಕತ್ರಿ ಹಾಕಿದ್ದು ನನ್ನ ಕುತ್ತಿಗಿಗಿ."

"ತಪ್ಪಾತ್ರಿ ಗೌರಾಬಾಯಿ. ನಲವತ್ತು ಸೆಕೆಂಡ ಕಡಿಮಿ ಬಿದ್ದಿತ್ತು..."

"ಕಡಿಮಿ ಬಿದ್ರ ನೀವ ಒಂದು ಪದ ಹಾಡಬೇಕಿತ್ತು!"

"ನಾ ಹಾಡಿದ್ರ ಜನ ರೇಡಿಯೋ ಒಡೀತಿದ್ರು."

"ಒಡೀಲಿ ಬಿಡ್ರಿ! ನನ್ನ ಸವಾಲ ಆದ್ರೂ ಉಳೀತಿತ್ತು." ಆದರೂ ಊಟ ಹಾಕದೆ ಕಳಿಸಲಿಲ್ಲ. ರೊಟ್ಟಿಗೆ ಪುಂಡಿಪಲ್ಯ ಬಡಿಸುತ್ತಾ, ಬೇರೆ ಯಾವ ಸವಾಲು ಹಿಡಿಯುವುದೆಂದು ತನ್ನಷ್ಟಕ್ಕೇ ಗುನುಗುತ್ತಿದ್ದಳು. ಮೂರು ವಾರ ಉಳಿದಿತ್ತು. ಒಂದೂ ಅವಳಿಗೆ ಹಿಡಿಸಲಿಲ್ಲ.

ನನ್ನ ನಸೀಬು ನೋಡಿ, ಮುಂದಿನ ವಾರದ ಪಟ್ಟಿಯಲ್ಲಿ ಇದ್ದದ್ದು ನೆಲೋಗಿಯ ಮಲಕಣ್ಣ. ಗೌರಾಬಾಯಿ ರೇಡಿಯೋದಲ್ಲಿ ಬಂದದ್ದು ಕೇಳಿ ತಾನೇ ಫೋನು ಮಾಡಿ ಹೆಸರು ಹಚ್ಚಿಸಿದ್ದ. ಹೋದಾಗ ತೊಗರಿ ಹೊಲದ ಬದುವಿನ ಮೇಲೆ ಕೂತು, ಕಿವಿಗೆ ವೈರು ಹಾಕಿಕೊಂಡು ಕಣ್ಣು ಮುಚ್ಚಿದ್ದ. ಮುಂಡಾಸಿನ ಬಲಗಡೆಯ ಮಡಿಕೆ ತಾಳಕ್ಕೆ ಸರಿಯಾಗಿ ಕುಣಿಯುತ್ತಿತ್ತು. ನಾನು ಎರಡು ಸಲ ಕೆಮ್ಮಿದ ಮೇಲೆ ಕಣ್ಣು ಬಿಟ್ಟು, ಕಳ್ಳತನದಲ್ಲಿ ಸಿಕ್ಕವನಂತೆ ಫೋನನ್ನು ತೊಡೆಯ ಕೆಳಗೆ ತುರುಕಿದ. ವೈರು ಕಿತ್ತು ಬಂತು. ತೊಡೆಯ ಕೆಳಗಿನಿಂದ ಗೌರಾಬಾಯಿ ಹಾಡತೊಡಗಿದಳು.

ಅವನು ತೊಡೆ ಎತ್ತಿ, ತಡಕಾಡಿ, ಅವಳ ದನಿ ನಿಲ್ಲಿಸಿದ.

"ಯಾರೋ ರೆಕಾರ್ಡ್ ಮಾಡಿ ಕಳಿಸ್ಯಾರ್ರಿ" ಎಂದ ಕೊನೆಗೆ. "ಆಕೀವು ಹಳೀ ಹಾಡಕಿ. ಆ ಬಟ್ಟಲದ ಸವಾಲಕ್ಕ ಜವಾಬ ಕಟ್ಟಬೇಕಲ್ರಿ, ಆಕಿ ಧಾಟಿ ಹಿಡೀಬೇಕಂತ ಕೇಳಾಕ ಕೂತೆ. ಜವಾಬ ಯಾವಾಗೋ ಕಟ್ಟಿ ಮುಗೀತು."

"ಮತ್ತ ಇನ್ನಾ ಯಾಕ ಕೇಳಾಕತ್ತೀರಿ?"

ಅವನು ವೈರು ಸುತ್ತಿ ಜೇಬಿಗೆ ಹಾಕಿಕೊಂಡ. ನಾನು ಮೈಕು ತೆಗೆದಾಗ ಬೆನ್ನು ನೆಟ್ಟಗೆ ಮಾಡಿ, "ನಾನು ಸದ್ಯ ಗುರುಗಳ ಭಜನಾ ಪದಗಳನ್ನು ಕೇಳುತ್ತಿದ್ದೇನೆ" ಎಂದು ಪುಸ್ತಕದ ಭಾಷೆಯಲ್ಲಿ ಹೇಳಿದ. ಹೊರಡುವಾಗ ಕೈಮುಗಿದ. "ಮೇಡಂ, ಆಕಿಗಿ ಹೇಳಬ್ಯಾಡ್ರಿ. ಹರದೇಶ್ಯಾಂವ ಕುಂತು ನಾಗೇಶಿ ಕೇಳ್ತಾನಂದ್ರ ನನ್ನ ಮೇಳದವರ ನನ್ನ ಹೊರಗ ಹಾಕ್ತಾರ."

ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಗೌರಾಬಾಯಿಯ ಗುಟ್ಟು ಮೂರು ತಾಲೂಕಿಗೆ ಹಂಚಿದವಳು ನಾನು. ಇವನ ಗುಟ್ಟನ್ನು ಅವಳೊಬ್ಬಳಿಗೆ ಹೇಳಿದರೆ ತಪ್ಪೇ? ಅವನ ಜವಾಬು ತಯಾರಿದೆ ಎಂದಾದರೂ ತಿಳಿಯುತ್ತಿತ್ತು. ಫೋನಿನಲ್ಲಿ ಅವಳ ನಂಬರು ತೆಗೆದೆ, ಇಟ್ಟೆ, ತೆಗೆದೆ. ಕಡೆಗೆ ಹೇಳಲಿಲ್ಲ. ಅದು ಧರ್ಮವೋ ಹೆದರಿಕೆಯೋ ನನಗೆ ಗೊತ್ತಿಲ್ಲ. ಹೊಸಬರು ಇದನ್ನು ಧರ್ಮವೆಂದೇ ತಿಳಿದುಕೊಳ್ಳಬೇಕು.

ಹಾಡಿಕೆ ನಡೆದದ್ದು ಭೂಸನೂರಿನ ಹೊರಗೆ, ಕಬ್ಬಿನ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಗೆ ಪಾಳಿ ಹಚ್ಚುವ ಬಯಲಿನಲ್ಲಿ, ಹಾಡಹಗಲು. ಪಾಳಿ ಬರುವವರೆಗೆ ಡ್ರೈವರುಗಳಿಗೆ ಬೇರೆ ಕೆಲಸವಿಲ್ಲ. ಊರಿನವರ ಜೊತೆ ಅವರೇ ಸೇರಿ ಹಾಡಿಕೆ ಇಡಿಸಿದ್ದರು. ಕಬ್ಬಿನ ಹೇರಿನ ಮೇಲೆಲ್ಲ ಜನ. ನಡುವೆ ನೆರಳಿಗೆ ತಾಡಪತ್ರಿ ಕಟ್ಟಿ, ತೀರ್ಪು ಹೇಳಲು ಬಸಣ್ಣ ಮುತ್ಯಾ ಎಂಬ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ನಾನು ರೆಕಾರ್ಡರ್ ಹಿಡಿದು ಒಂದು ಟ್ರ್ಯಾಕ್ಟರಿನ ಗಾಲಿಗೆ ಒರಗಿ ನಿಂತೆ.

ಗೌರಾಬಾಯಿ ಬಟ್ಟಲಿನ ಸವಾಲು ತೆಗೆಯಲೇ ಇಲ್ಲ. ಹಳೆಯ, ಸವೆದ ಸವಾಲುಗಳನ್ನೇ ಹಾಕಿದಳು. ದನಿಯೇನೋ ಗಟ್ಟಿಯಾಗಿತ್ತು, ಸವಾಲಿನಲ್ಲಿ ದಮ್ಮಿರಲಿಲ್ಲ. ಮಲಕಣ್ಣ ಒಂದೊಂದಕ್ಕೂ ಜವಾಬು ಕೊಡುತ್ತಾ, ಒಂದೊಂದು ಸಲವೂ ಅವಳ ಮುಖ ನೋಡುತ್ತಿದ್ದ: ಈಗಾದರೂ ಬಟ್ಟಲು ತೆಗಿ. ಮೂರು ವಾರ ಹೊಟ್ಟೆಯಲ್ಲಿಟ್ಟುಕೊಂಡ ಜವಾಬು ಅವನನ್ನು ಕೂರಗೊಡುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ತಾನೇ ಎದ್ದ. ಸವಾಲನ್ನು ನೆನಪಿಸಿ, ಅದರ ಬೆನ್ನಿಗೇ ಜವಾಬು ಹೊಡೆಯಬೇಕೆಂಬ ಲೆಕ್ಕಾಚಾರ.

"ಮೂರು ಲೋಕಕ ಉಣಿಸಾಂವ..."

ಎತ್ತಿದ್ದು ಗೌರಾಬಾಯಿಯ ಧಾಟಿ. ಅವಳದೇ ಕೊಂಕು, ಅವಳದೇ ಎಳೆತ, ಸಾಲಿನ ಕೊನೆಗೆ ದಪ್ಪಿನ ಮೇಲೆ ಅವಳದೇ ಎರಡು ಪೆಟ್ಟು. ಕಣ್ಣು ಮುಚ್ಚಿಬಿಟ್ಟಿದ್ದ. ಬದುವಿನ ಮೇಲೆ ಕೂತವನೇ ಆಗಿಬಿಟ್ಟಿದ್ದ. ಗೌರಾಬಾಯಿಯ ಹಿಮ್ಮೇಳದವರು ಅಭ್ಯಾಸಬಲದಿಂದ ಸೊಲ್ಲು ಎತ್ತಿದರು. ಅವರ ಬೆನ್ನಿಗೆ, ರೇಡಿಯೋದಲ್ಲಿ ಕೇಳಿದ್ದ ಕಬ್ಬಿನ ಮೇಲಿನ ಜನವೂ ಎತ್ತಿದರು. "ತಿರಿದ ಬಟ್ಟಲ ಯಾರ ತೊಳದಾರ ಹೇಳೊ ಹರದೇಶಿ?" ಎಂದು ಹರದೇಶಿ ಮಲಕಣ್ಣ ಕೈ ಎತ್ತಿ ಮುಗಿಸಿದ. ಕಣ್ಣು ಬಿಟ್ಟ. ಜವಾಬಿಗೆ ಬಾಯಿ ತೆಗೆದ. ಅವಳ ಧಾಟಿಯಲ್ಲೇ ನಿಂತಿದ್ದ ಗಂಟಲಿಗೆ ತನ್ನ ಜವಾಬಿನ ಧಾಟಿ ಸಿಗಲಿಲ್ಲ. ಇನ್ನೊಮ್ಮೆ ತೆಗೆದ. ಬರಲಿಲ್ಲ.

ಬಯಲೆಲ್ಲ ಕೇಕೆ. "ಮಲಕಣ್ಣ ಸೀರಿ ಉಟ್ಟ ನೋಡ್ರಲೇ!" ಎಂದು ಯಾರೋ ಕೂಗಿದರು. ನನಗೂ ನಗು ಬಂದಿತ್ತು. ಅಷ್ಟರಲ್ಲಿ ಬಸಣ್ಣ ಮುತ್ಯಾ ಕೋಲು ನೆಲಕ್ಕೆ ಕುಟ್ಟಿದರು.

"ನಗೂದು ಸಾಕು. ಯಾರ ಬಾಯಿಂದ ಬಂತೋ ಸವಾಲ ಅವಂದು. ಹಾಕಿದಾಂವ ಮಲಕಣ್ಣ. ಗೌರಾ, ಜವಾಬ ಕೊಡವ್ವಾ. ಇಲ್ಲಾಂದ್ರ ದಪ್ಪು ಇಡು."

ನಗು ನಿಂತಿತು. ಸೋದರತ್ತೆ ಜವಾಬಿರದಂತೆ ಕಟ್ಟಿದ ಸವಾಲು ತಿರುಗಿ ಗೌರಾಬಾಯಿಯ ಎದುರಿಗೇ ಬಂದು ಕೂತಿತ್ತು. ಕೂರಿಸಿದ್ದು ನನ್ನ ನಲವತ್ತು ಸೆಕೆಂಡು. ಓಡಿಹೋಗೋಣವೆಂದರೆ ಹಿಂದೆ ಮೂವತ್ತು ಟ್ರ್ಯಾಕ್ಟರು.

ಗೌರಾಬಾಯಿ ಸೆರಗು ಸಿಕ್ಕಿಸಿಕೊಂಡು ಎದ್ದಳು. ದಪ್ಪು ಕೈಯಲ್ಲೇ ಇತ್ತು.

"ಮುತ್ಯಾ, ಅಂವ ಸವಾಲ ಎಲ್ಲಿ ಹಾಕ್ಯಾನ್ರಿ? ಅಂವ ಸಾಕ್ಷಿ ಹೇಳ್ಯಾನ. 'ಹೇಳೊ ಹರದೇಶಿ' ಅಂತ ಹರದೇಶ್ಯಾಂವನ ಕೇಳ್ಯಾನ, ತನ್ನ ಪಕ್ಷದಾಗ ಜವಾಬ ಇಲ್ಲ ಅಂತ ಇಷ್ಟು ಮಂದಿ ಎದುರಿಗಿ ತಾನ ನಿಂತು ಹಾಡ್ಯಾನ. ಸವಾಲಿಗಿ ಜವಾಬ ಕೊಡ್ತಾರ. ಸಾಕ್ಷಿಗೇನು ಕೊಡ್ತಾರ? ಚಾ ಕೊಡ್ತಾರ!"

"ಏ, ನಾ ಒಪ್ಪಿಲ್ಲಬೇ ಗೌರಕ್ಕಾ!" ಮಲಕಣ್ಣ ಚೀರಿದ. "ಬಾಯಿ ತಪ್ಪಿ ನಿನ್ನ ಧಾಟಿ ಬಂತು."

"ನನ್ನ ಧಾಟಿ ನಿನ್ನ ಬಾಯಾಗ ಯಾಕ ಇತ್ತೋ ಮಲಕ್ಯಾ?"

ಮಲಕಣ್ಣ ತನ್ನ ಮೇಳದವರನ್ನು ನೋಡಿದ. ಟ್ರ್ಯಾಕ್ಟರಿನ ಗಾಲಿಗೆ ಅಂಟಿಕೊಂಡಿದ್ದ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಅವನು ಮುಂಡಾಸು ತೆಗೆದು ಮುಖ ಒರೆಸಿಕೊಂಡ. ಆಮೇಲೆ ಹಾಡಿಕೆಯ ಮೈಕಿಗೇ ಹೇಳಿದ, ಈ ಸಲ ಬೆನ್ನು ಬಾಗಿಸಿಕೊಂಡು:

"ಮೂರು ವಾರದಿಂದ ಬರೇ ನಿನ್ನ ಕೇಳಾಕತ್ತೇನಿ ಅಕ್ಕಾ. ಜವಾಬ ಕಟ್ಟಾಕಂತ ಕೂತೆ. ಜವಾಬ ಮುಗೀತು, ಕೇಳೂದು ಮುಗೀಲಿಲ್ಲ."

ಗೌರಾಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಕೇಳೀದಿ ಖರೇ. ಸರಿಯಾಗಿ ಕೇಳಿಲ್ಲ. ಎರಡನೇ ಸಾಲಿನಾಗ ಉಸಿರು ತಪ್ಪು ಜಾಗಾದಾಗ ತಗೊಂಡಿ. 'ಉಂಡ' ಅಂದು ನಿಂತ್ರ ಶಿವ ಇನ್ನಾ ಉಣ್ಣಾಕತ್ತಂಗ ಆಗ್ತದ."

"ಮತ್ತ ಎಲ್ಲಿ ತಗೋಬೇಕಬೇ?"

"ಕೈ ತೊಳದ ಮ್ಯಾಲ ತಗೋ." ಹಾಡಿ ತೋರಿಸಿದಳು. ಅವನು ಅಲ್ಲೇ, ಎರಡೂ ಮೇಳದ ನಡುವೆ ನಿಂತು, ಅವಳ ಹಿಂದಿನಿಂದ ಹಾಡಿದ. ಅವಳು ತಲೆಯಲ್ಲಾಡಿಸಿದಳು. ಇನ್ನೊಮ್ಮೆ ಹಾಡಿಸಿದಳು. ಬಸಣ್ಣ ಮುತ್ಯಾ ಕೋಲನ್ನು ಕುರ್ಚಿಗೆ ಒರಗಿಸಿ, ಇಬ್ಬರಿಗೂ ಚಹಾ ಹೇಳಿದರು. ದಪ್ಪು ಅವತ್ತು ಯಾರೂ ನೆಲಕ್ಕಿಡಲಿಲ್ಲ.

ಗೌರಾಬಾಯಿಯನ್ನು ಆ ಸೀಜನ್ನಿನಲ್ಲಿ ಊರೂರಿಗೆ ಕರೆದರು. ಕರೆದವರೆಲ್ಲ ಎದುರಿಗೆ ಮಲಕಣ್ಣನೇ ಬೇಕು ಎಂದರು. ಅವನ ಜವಾಬು ಏನಿತ್ತೆಂದು ಮಾತ್ರ ಇವತ್ತಿಗೂ ಒಬ್ಬರಿಗೂ ಗೊತ್ತಿಲ್ಲ. ಹಾಡಿಕೆಯಲ್ಲಿ ಯಾರಾದರೂ ಕೂಗಿ ಕೇಳಿದರೆ ಗೌರಾಬಾಯಿಯ ಕಡೆ ನೋಡಿ, "ತಡೀರಿ, ಮೊದ್ಲು ಸವಾಲ ಸರಿಯಾಗಿ ಕಲೀತೇನಿ" ಅನ್ನುತ್ತಾನೆ.